ಬಲೆ ಎಳೆಯುವ ಬೆನ್ನು, ಕಳೆ ಕೀಳುವ ಬೆನ್ನು

ಬಾಳೆಗೆ, ತರಕಾರಿಗೆ ಮೀನು-ಬೆಲ್ಲದ ದ್ರಾವಣ ಕೊಡುವವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಆ ಮೀನು ನಮ್ಮ ಡ್ರಮ್ಮಿಗೆ ಬೀಳುವ ಮೊದಲು ಯಾರ ಸೊಂಟದ ಬಲದಿಂದ ದಡಕ್ಕೆ ಬರುತ್ತದೆ ಎಂಬುದನ್ನು ಈ ವಾರ ಸ್ವಲ್ಪ ನೋಡೋಣ.

ನನ್ನ ತೋಟ ಕುಂದಾಪುರದ ಹತ್ತಿರ. ನಾಲ್ಕೈದು ವರ್ಷದಿಂದ ನಾಡದೋಣಿಯ ಅಣ್ಣ ಒಬ್ಬರಿಂದ ಮೀನಿನ ತಲೆ, ಕರುಳು, ಮಾರಾಟವಾಗದ ಸಣ್ಣ ಮೀನು ತರುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಎರಡು ವಾರ ಅವರು ಫೋನ್ ಎತ್ತಲಿಲ್ಲ. ಮನೆಗೆ ಹೋದರೆ ಜಗಲಿಯಲ್ಲಿ ಒಂದೇ ಮಗ್ಗುಲಲ್ಲಿ ಮಲಗಿದ್ದರು.

"ಬೆನ್ನ್ ಹಿಡ್ಕಂಡಿತ್ ಮಾರಾಯ್ರೆ. ಎಂತ ಮಾಡೂದ್, ಪ್ರಾಯ ಆಯ್ತಲೆ" ಅಂದರು. ಅವರಿಗಿನ್ನೂ ನಲವತ್ತೈದು ತುಂಬಿಲ್ಲ.

ಯಾವಾಗ ಹಿಡಿದದ್ದು ಎಂದು ಕೇಳಿದೆ. ಒಳಗಿನಿಂದ ಅಕ್ಕ ಹೇಳಿದರು: "ನಿಮ್ ಡ್ರಮ್ ಎತ್ತಿ ರಿಕ್ಷಾಕ್ ಹಾಕು ಹೊತ್ತಿಗೆ."

50 ಲೀಟರಿನ ಆ ಡ್ರಮ್ಮು ತುಂಬಿದರೆ ಹತ್ತಿರ ಹತ್ತಿರ 50 ಕೆಜಿ. ಎರಡು ಸಲ ರಿಕ್ಷಾ ಬಾಡಿಗೆ ಯಾಕೆ, ಒಂದರಲ್ಲೇ ತುಂಬಿ ಕಳಿಸಿ ಅಂತ ಹೇಳಿದವನು ನಾನೇ.

ನೋವು ಬರುವುದು ಎಲ್ಲಿಂದ?

ಒಂದು ಡ್ರಮ್ಮಿನಿಂದ ಮಾತ್ರ ಬೆನ್ನು ಹೋಗುವುದಿಲ್ಲ. ದಿನಾ ಸವೆದದ್ದು ಅವತ್ತು ಹಿಡಿದುಕೊಂಡಿತು ಅಷ್ಟೆ. ಮರಳಿನಲ್ಲಿ ದೋಣಿ ನೂಕಬೇಕು. ನೀರಿನಲ್ಲಿ ಅಲುಗಾಡುವ ದೋಣಿಯಲ್ಲಿ ನಿಂತು, ಬಗ್ಗಿ, ಸೊಂಟ ತಿರುಚಿ ಒದ್ದೆ ಬಲೆ ಎಳೆಯಬೇಕು. ಆಮೇಲೆ ಬಲೆಯ ಕಣ್ಣಿಗೆ ಸಿಕ್ಕಿದ ಬಂಗುಡೆಯನ್ನು ಒಂದೊಂದಾಗಿ ಬಿಡಿಸಬೇಕು, ನೂರಾರು ಸಲ ಅದೇ ಬೆರಳು, ಅದೇ ಮಣಿಕಟ್ಟು. ದಡದಲ್ಲಿ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಐಸಿನಲ್ಲಿ ಕೈಯಿಟ್ಟು ಮೀನು ಆರಿಸುತ್ತಾರೆ, ಬುಟ್ಟಿ ತಲೆ ಮೇಲಿಟ್ಟು ಮನೆಮನೆ ಸುತ್ತುತ್ತಾರೆ. ಗಂಡಸರಿಗೆ ಸೊಂಟ, ಭುಜ. ಹೆಂಗಸರಿಗೆ ಕುತ್ತಿಗೆ, ಮೊಣಕಾಲು.

ಮಳೆಗಾಲದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ನಾಡದೋಣಿಯವರಿಗೆ ಮಾತ್ರ ಅದೇ ದುಡಿಮೆಯ ಕಾಲ. ಹಾಗಾಗಿ ಮಲಗಿದ್ದ ಆ ಎರಡು ವಾರ ಅವರಿಗೆ ಬರೀ ನೋವಲ್ಲ, ವರ್ಷದ ಸಂಪಾದನೆಯಲ್ಲಿ ಒಂದು ಪಾಲು.

ಎಷ್ಟು ಭಾರ ಎತ್ತಬಹುದು?

ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಎತ್ತುವ ಭಾರದ ಮೇಲ್ಮಿತಿ 23 ಕೆಜಿ. ಅದೂ ಭಾರ ಮೈಗೆ ಹತ್ತಿರ ಇದ್ದು, ಸೊಂಟ ತಿರುಚದೆ, ಹಿಡಿತ ಗಟ್ಟಿಯಾಗಿದ್ದರೆ ಮಾತ್ರ. ಕೈ ಮುಂದೆ ಚಾಚಿ ನೆಲದಿಂದ ಎತ್ತಿದರೆ ಮಿತಿ ಇನ್ನೂ ಕಡಿಮೆ. ಉದ್ದ ಕೋಲಿನ ತುದಿಗೆ ಕೊಡ ಕಟ್ಟಿ ಎತ್ತಿ ನೋಡಿ, ಯಾಕೆಂದು ಗೊತ್ತಾಗುತ್ತದೆ.

ಖರ್ಚಿಲ್ಲದೆ ಏನು ಮಾಡಬಹುದು?

* ಭಾರ ಒಡೆಯಿರಿ. ದೊಡ್ಡ ಡ್ರಮ್ಮಿನ ಬದಲು ಮುಚ್ಚಳ ಇರುವ 20 ಲೀಟರಿನ ಪೇಂಟ್ ಬಕೆಟ್. ಮೀನು ತುಂಬಿದ ಕ್ರೇಟಿಗೆ ಇಬ್ಬರು ಕೈ ಹಾಕಿ.
* ಕೆಲಸವನ್ನು ಮೇಲೆತ್ತಿ. ಆರಿಸುವುದು, ಕೊಯ್ಯುವುದು ಸೊಂಟದೆತ್ತರದ ಹಲಗೆ ಮೇಲೆ ಆಗಲಿ. ಕೂತೇ ಮಾಡುವುದಾದರೆ ಒಂದು ಮಣೆ ಅಥವಾ ಸ್ಟೂಲು ಬೇಕು.
* ಬಲೆ ಎಳೆಯುವಾಗ ಒಂದು ಕಾಲು ಮುಂದೆ, ಮೊಣಕಾಲು ಸ್ವಲ್ಪ ಮಡಚಿ, ಮೈಭಾರ ಹಿಂದಕ್ಕೆ ಹಾಕಿ. ತಿರುಗಬೇಕಾದರೆ ಪಾದ ತಿರುಗಲಿ, ಸೊಂಟವಲ್ಲ. ಆಗಾಗ ಪಕ್ಕ ಬದಲಿಸಿ.
* ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈಯಿಟ್ಟು ನಿಧಾನ ಹಿಂದಕ್ಕೆ ಬಾಗಿ. ಎರಡು ನಿಮಿಷ ಸಾಕು.
* ಐಸ್ ಮುಟ್ಟುವಾಗ ಗ್ಲೌಸ್ ಹಾಕಿ.

ಕಳೆ ಕೀಳುವ, ಅಡಿಕೆ ಸುಲಿಯುವ, ಗೊಬ್ಬರ ಹೊರುವ ನಮಗೂ ಇದೇ ಲೆಕ್ಕ.

ಮಾತ್ರೆ ವಿಷಯ

ಅಣ್ಣನ ದಿಂಬಿನ ಬದಿಯಲ್ಲಿ ನೋವಿನ ಮಾತ್ರೆಯ ಖಾಲಿ ಪಟ್ಟಿಗಳಿದ್ದವು, ಅಂಗಡಿಯಿಂದ ತಾವೇ ತಂದದ್ದು. ಡೈಕ್ಲೋಫೆನಾಕ್‌ನಂಥ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಅಪಾಯ ಇನ್ನೂ ಜಾಸ್ತಿ. ಸಾಮಾನ್ಯ ಬೆನ್ನು ನೋವಿಗೆ ದಿನಗಟ್ಟಲೆ ಮಲಗುವುದೂ ಮದ್ದಲ್ಲ. ಆದಷ್ಟು ಬೇಗ ಮೆಲ್ಲಗೆ ನಡೆದಾಡಬೇಕು. ಆದರೆ ನೋವು ಮೊಣಕಾಲಿನ ಕೆಳಗೆ ಇಳಿದು ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ಪಾದದ ಬಲ ಕಡಿಮೆಯಾದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಅಣ್ಣ ಈಗ ಕಡಲಿಗೆ ಹೋಗುತ್ತಿದ್ದಾರೆ. ಆರಿಸುವ ಕೆಲಸಕ್ಕೆ ನನ್ನ ಹಳೆಯ ನರ್ಸರಿ ಮೇಜು ಅವರ ಅಂಗಳ ಸೇರಿದೆ. ಶುರುವಿಗೆ ಅಕ್ಕ "ನಿಂತ್ಕಂಡ್ ಮೀನ್ ಕೊಯ್ಯೂದಾ!" ಎಂದು ನಕ್ಕಿದ್ದರು, ಈಗ ಅದನ್ನು ಬಿಟ್ಟುಕೊಡುವುದಿಲ್ಲ. ನಾನು ಎರಡು ಸಲ ರಿಕ್ಷಾ ಬಾಡಿಗೆ ಕೊಡುತ್ತೇನೆ.

ನೀವೂ ಮೀನೋ, ಸಗಣಿಯೋ, ಹಿಂಡಿಯೋ ತರಿಸುವವರಾದರೆ ಮುಂದಿನ ಸಲ ಒಂದು ಮಾತು ಕೇಳಿ: ಇದನ್ನು ಎತ್ತುವವರು ಯಾರು?