ಟೈರು ಸವೆಯುವುದೇಕೆ?

ಹೆದ್ದಾರಿಯ ಬದಿಯಲ್ಲಿ ಪಂಕ್ಚರು ಹಾಕುವ ಅಂಗಡಿ, ಅದರ ಪಕ್ಕದಲ್ಲಿ ಹಳೆಯ ಟೈರುಗಳ ರಾಶಿ: ಇದು ನಮಗೆಲ್ಲ ಪರಿಚಿತವಾದ ನೋಟ. ಪಯಣದ ನಡುವೆ ಅಲ್ಲಿ ನಿಲ್ಲುವ ಪ್ರಸಂಗ ಬಂದರೆ ಆ ರಾಶಿಯನ್ನು ತುಸು ಗಮನವಿಟ್ಟು ನೋಡೋಣ. ಒಂದು ಟೈರಿನ ಎರಡು ಅಂಚುಗಳು ಮಾತ್ರ ಸವೆದು ನುಣುಪಾಗಿವೆ, ನಡುಭಾಗ ಹೊಸದರಂತಿದೆ. ಇನ್ನೊಂದರಲ್ಲಿ ನಡುಭಾಗ ಬೋಳಾಗಿದೆ; ಅಂಚುಗಳು ಉಳಿದಿವೆ. ಮೂರನೆಯದು ಒಳಮಗ್ಗುಲಲ್ಲಿ ಮಾತ್ರ ತೇದುಹೋಗಿದೆ. ನಾಲ್ಕನೆಯದು ಅಷ್ಟೇನೂ ಸವೆದಿಲ್ಲ; ಆದರೆ ಅದರ ಪಕ್ಕೆಯ ತುಂಬ ಸಣ್ಣ ಬಿರುಕುಗಳು. ಇವೆಲ್ಲವೂ ಒಂದೇ ಸೀಮೆಯ ರಸ್ತೆಗಳಲ್ಲಿ ಉರುಳಿದ ಟೈರುಗಳು. ರಸ್ತೆಯೊಂದೇ ಟೈರನ್ನು ಸವೆಸುವುದಾದರೆ ಎಲ್ಲವೂ ಒಂದೇ ತೆರನಾಗಿ ಸವೆಯಬೇಕಾಗಿತ್ತಲ್ಲವೆ? ಹಾಗಾಗಿಲ್ಲವೆಂದ ಮೇಲೆ ಬೇರೆ ಕಾರಣಗಳೂ ಇರಬೇಕು. ಆ ಕಾರಣಗಳಾವುವು, ಅವುಗಳಲ್ಲಿ ಎಷ್ಟು ನಮ್ಮ ಕೈಯಲ್ಲಿವೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು ಟೈರು ಮಾಡುವ ಕೆಲಸವನ್ನು ತಿಳಿಯಬೇಕು. ಬರಿಯ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಪೆಡಸಾಗುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಈ ದೋಷ ನೀಗುವುದೆಂದು ಕಂಡುಕೊಂಡನು. ಗಂಧಕವು ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬಿಗಿಯುವುದೇ ಇದರ ಗುಟ್ಟು. ಮುಂದೆ ಇಂಗಾಲದ ನುಣ್ಣನೆಯ ಕಾಡಿಗೆಯನ್ನು ಬೆರೆಸಿದಾಗ ರಬ್ಬರು ಸವೆತವನ್ನು ಬಹಳವಾಗಿ ತಾಳಿಕೊಳ್ಳುವಂತಾಯಿತು. ಟೈರಿನ ಕಪ್ಪು ಬಣ್ಣವೂ ಅದರಿಂದಲೇ ಬಂದದ್ದು. ಗಾಳಿ ತುಂಬಿದ ಟೈರನ್ನು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಯೋಚಿಸಿದ್ದನು. ಆದರೆ ಅದು ಬಳಕೆಗೆ ಬಂದದ್ದು ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರುಗಾಲಿಯ ಸೈಕಲ್ಲಿಗೆ ಅಂಥದನ್ನು ತೊಡಿಸಿ, 1888ರಲ್ಲಿ ಪೇಟೆಂಟು ಪಡೆದ ಬಳಿಕ. ಅಂದಿನಿಂದ ಇಂದಿನವರೆಗೂ ಗಾಡಿಯ ಭಾರದ ಬಹುಪಾಲನ್ನು ಹೊರುತ್ತಿರುವುದು ಟೈರಿನ ಒಳಗಿರುವ ಗಾಳಿಯೇ.

ಇದನ್ನು ಒಂದು ಸಣ್ಣ ಲೆಕ್ಕದಿಂದ ಮನಗಾಣಬಹುದು. ಪ್ರಯಾಣಿಕರೂ ಸೇರಿ ಒಂದು ಕಾರು 1,300 ಕಿಲೋಗ್ರಾಂ ತೂಗುವುದೆಂದು ಇಟ್ಟುಕೊಳ್ಳೋಣ. ಒಂದೊಂದು ಚಕ್ರದ ಪಾಲು 325 ಕಿಲೋಗ್ರಾಂ. ಟೈರಿನ ಒತ್ತಡ ಚದರ ಅಂಗುಲಕ್ಕೆ 32 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋಗ್ರಾಂ. ಭಾಗಿಸಿದರೆ ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಮೆ 144 ಚದರ ಸೆಂಟಿಮೀಟರು. ನಮ್ಮ ಅಂಗೈಗಿಂತ ತುಸು ದೊಡ್ಡದು, ಅಷ್ಟೆ. ಕಾರು ಹೊರಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಇಂಥ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ಆದಕಾರಣ ಟೈರಿನ ಸವೆತವು ಹಣದ ಪ್ರಶ್ನೆಯಾಗಿರುವಂತೆ ಪ್ರಾಣದ ಪ್ರಶ್ನೆಯೂ ಆಗಿದೆ.

ಟೈರಿನ ಆಯುಷ್ಯವೆಷ್ಟು? ಸಾಧಾರಣ ಕಾರಿನ ಟೈರು ಚೆನ್ನಾಗಿ ನೋಡಿಕೊಂಡರೆ 40 ಸಾವಿರ ಕಿಲೋಮೀಟರಿನ ಆಸುಪಾಸು ಬಾಳುತ್ತದೆ. ಕೆಲವು ಅದಕ್ಕೂ ಹೆಚ್ಚು. ರಸ್ತೆಯನ್ನು ಮುಟ್ಟುವ ಗಟ್ಟಿ ಪದರಕ್ಕೆ ಟ್ರೆಡ್ಡು ಎಂದು ಹೆಸರು. ಹೊಸ ಟೈರಿನಲ್ಲಿ ಅದರ ಕಾಲುವೆಗಳ ಆಳ ಸುಮಾರು 8 ಮಿಲಿಮೀಟರು, ಅದು 1.6 ಮಿಲಿಮೀಟರಿಗೆ ಇಳಿದಾಗ ಟೈರಿನ ಆಯುಷ್ಯ ಮುಗಿಯಿತು. ಹೀಗೆ ಸವೆಯಲು ಇರುವುದು 6.4 ಮಿಲಿಮೀಟರು ಮಾತ್ರ. 60 ಸೆಂಟಿಮೀಟರು ವ್ಯಾಸದ ಚಕ್ರ 40 ಸಾವಿರ ಕಿಲೋಮೀಟರು ಸಾಗಲು ಎರಡು ಕೋಟಿಗೂ ಹೆಚ್ಚು ಸುತ್ತು ಉರುಳಬೇಕು. ಒಂದು ಸುತ್ತಿಗೆ ಸರಾಸರಿ ಎಷ್ಟು ಸವೆಯಿತು? ಒಂದು ಮಿಲಿಮೀಟರನ್ನು ಮೂವತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಇದು ಪರಮಾಣುಗಳ ಗಾತ್ರಕ್ಕೆ ಸಮೀಪವಾದ ಅಳತೆ. ರಬ್ಬರು ನಿಜವಾಗಿ ಕಳಚುವುದು ಸಣ್ಣ ಕಣಗಳಾಗಿ. ಇದು ಸರಾಸರಿಯ ಲೆಕ್ಕವಷ್ಟೆ. ಆದರೂ ಪ್ರತಿ ಸುತ್ತಿನಲ್ಲಿ ಆಗುವ ಕಣ್ಣಿಗೆ ಕಾಣದ ಹೆಚ್ಚಿನ ಸವೆತ ಕೋಟಿಗಟ್ಟಲೆ ಸುತ್ತುಗಳಲ್ಲಿ ಸೇರಿಕೊಂಡು ಟೈರಿನ ಆಯುಷ್ಯವನ್ನು ಅರ್ಧಕ್ಕಿಳಿಸಬಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸುಮ್ಮನೆ ಉರುಳುವ ಚಕ್ರ ನೆಲಕ್ಕೆ ಹೆಚ್ಚಾಗಿ ಉಜ್ಜುವುದಿಲ್ಲ. ವೇಗ ಹೆಚ್ಚಿಸುವಾಗ, ಬ್ರೇಕು ಹಾಕುವಾಗ, ತಿರುವಿನಲ್ಲಿ ಸಾಗುವಾಗ ಮಾತ್ರ ಆ ಅಂಗೈಯಗಲದ ಜಾಗದಲ್ಲಿ ರಬ್ಬರು ಚೂರುಚೂರೇ ಜಾರುತ್ತದೆ. ಸವೆತವೆಲ್ಲ ಬಹುಮಟ್ಟಿಗೆ ಈ ಜಾರುವಿಕೆಯಿಂದಲೇ. ವೇಗ ಇಮ್ಮಡಿಯಾದರೆ ನಿಲ್ಲಿಸುವಾಗ ಕಳೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ತಿರುವಿನಲ್ಲಿ ಟೈರು ಒದಗಿಸಬೇಕಾದ ಬಲವೂ ಹಾಗೆಯೇ. ಆಗುಂಬೆಯ ಘಾಟಿಯನ್ನು ನಿಧಾನವಾಗಿ ಇಳಿಯುವ ಕಾರಿಗೂ ಅವಸರದಿಂದ ಇಳಿಯುವ ಕಾರಿಗೂ ದಾರಿ ಒಂದೇ. ಟೈರು ತೆರುವ ಬೆಲೆ ಬೇರೆ.

ಇನ್ನು ಅಕಾಲ ಸವೆತದ ಕಾರಣಗಳಿಗೆ ಬರೋಣ. ಇವುಗಳಲ್ಲಿ ಮೊದಲನೆಯದು ಗಾಳಿಯ ಕೊರತೆ. ಮೇಲಿನ ಲೆಕ್ಕದಲ್ಲಿ 32 ಪೌಂಡಿನ ಬದಲು 24 ಪೌಂಡು ಒತ್ತಡವಿದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು ಮೂರನೆಯ ಒಂದು ಪಾಲು ಹಿಗ್ಗುತ್ತದೆ. ಟೈರು ಚಪ್ಪಟೆಯಾಗಿ ನಡುಭಾಗ ಒಳಕ್ಕೆ ತಗ್ಗುತ್ತದೆ. ಭಾರವೆಲ್ಲ ಎರಡು ಅಂಚುಗಳ ಮೇಲೆ ಬೀಳುತ್ತದೆ. ರಾಶಿಯಲ್ಲಿ ನಾವು ಕಂಡ ಮೊದಲ ಟೈರಿನ ಕಥೆ ಇದೇ. ಇದಕ್ಕಿಂತ ಕೆಟ್ಟ ಪರಿಣಾಮ ಇನ್ನೊಂದಿದೆ. ಒಂದು ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಗ್ಗಿದ ಕಡೆ ಬಿಸಿಯಾಗುವುದನ್ನು ನಾವು ನೋಡಿದ್ದೇವೆ. ಗಾಳಿ ಕಡಮೆಯಾದ ಟೈರಿನ ಪಕ್ಕೆಯೂ ಪ್ರತಿ ಸುತ್ತಿನಲ್ಲಿ ಮಿತಿಮೀರಿ ಬಗ್ಗಿ ಹಾಗೆಯೇ ಕಾಯುತ್ತದೆ. ಕಾದ ರಬ್ಬರು ಬೇಗ ಸವೆಯುವುದಷ್ಟೇ ಅಲ್ಲ, ಒಳಗಿನ ಪದರಗಳ ಬೆಸುಗೆಯೂ ಸಡಿಲುತ್ತದೆ. ಕೊನೆಗೆ ಟೈರು ಸಿಡಿಯುತ್ತದೆ.

ಇಲ್ಲಿ ಒಂದು ಅಪಾಯಕರವಾದ ತಪ್ಪುತಿಳಿವಳಿಕೆಯನ್ನು ಎತ್ತಿ ಹೇಳಬೇಕು. ಬೇಸಗೆಯಲ್ಲಿ ಬಿಸಿಯಿಂದ ಗಾಳಿ ಹಿಗ್ಗಿ ಟೈರು ಒಡೆಯುವುದೆಂದು ಹೆದರಿ ಕೆಲವರು ಗಾಳಿಯನ್ನು ಮೊದಲೇ ಕಡಮೆ ಮಾಡಿಸುತ್ತಾರೆ. ಗಾಳಿ ಹಿಗ್ಗುವುದು ನಿಜ. ಆದರೆ ಉಷ್ಣತೆ 10 ಡಿಗ್ರಿ ಸೆಂಟಿಗ್ರೇಡು ಏರಿದರೆ ಒತ್ತಡ ಹೆಚ್ಚುವುದು ಒಂದೂವರೆ ಪೌಂಡಿನಷ್ಟು ಮಾತ್ರ. ಅದನ್ನು ತಾಳುವಂತೆಯೇ ಟೈರನ್ನು ಕಟ್ಟಿರುತ್ತಾರೆ. ಗಾಡಿಯ ತಯಾರಕರು ಸೂಚಿಸುವ ಒತ್ತಡವೂ ತಣ್ಣಗಿರುವ ಟೈರಿನದೇ. ಗಾಳಿಯನ್ನು ಇಳಿಸಿದರೆ ಟೈರು ಹೆಚ್ಚು ಬಗ್ಗಿ, ಹೆಚ್ಚು ಕಾದು, ಯಾವ ಅಪಾಯಕ್ಕೆ ಅಂಜಿದೆವೋ ಅದನ್ನೇ ಕರೆದಂತಾಗುತ್ತದೆ. ಕಲಬುರಗಿ, ರಾಯಚೂರುಗಳ ಬಿರುಬಿಸಿಲಿನಲ್ಲಿಯೂ ನಿಯಮ ಬದಲಾಗುವುದಿಲ್ಲ.

ಹಾಗೆಂದು ಮಿತಿಮೀರಿ ಗಾಳಿ ತುಂಬಿಸುವುದೂ ತರವಲ್ಲ. ಆಗ ಟೈರು ನಡುವೆ ಉಬ್ಬಿ ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ, ನಡುಭಾಗ ಬೇಗ ಬೋಳಾಗುತ್ತದೆ, ಹಿಡಿತವೂ ತಗ್ಗುತ್ತದೆ. ರಾಶಿಯ ಎರಡನೆಯ ಟೈರು ಇಂಥದು.

ಮೂರನೆಯ ಟೈರಿಗೆ ಗಾಳಿಯ ದೋಷವಲ್ಲ, ಚಕ್ರದ ಓರೆ ಮುಳುವಾಯಿತು. ಚಕ್ರ ಒಳಕ್ಕೋ ಹೊರಕ್ಕೋ ವಾಲಿ ನಿಂತರೆ ಆ ಮಗ್ಗುಲು ಮಾತ್ರ ಸವೆಯುತ್ತದೆ. ಚಕ್ರದ ಮುಖ ಸಾಗುವ ದಿಕ್ಕಿನಿಂದ ಒಂದೇ ಒಂದು ಡಿಗ್ರಿ ತಪ್ಪಿದ್ದರೂ ಸಾಕು, ಕಾರು ಒಂದು ಕಿಲೋಮೀಟರು ಸಾಗುವಷ್ಟರಲ್ಲಿ ಟೈರು ಸುಮಾರು 17 ಮೀಟರು ಅಡ್ಡಲಾಗಿ ಎಳೆದಂತಾಗುತ್ತದೆ. ತ್ರಿಕೋಣಮಿತಿ ಬಲ್ಲ ವಿದ್ಯಾರ್ಥಿಗಳು ಒಂದು ಡಿಗ್ರಿಯ ಸೈನ್ ಬೆಲೆಯನ್ನು ನೋಡಿ ಈ ಲೆಕ್ಕವನ್ನು ತಾವೇ ಪರೀಕ್ಷಿಸಬಹುದು. ಇಂಥ ಟೈರಿನ ಮೇಲೆ ಕೈಯಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದ ಹಲ್ಲಿನ ಒರಟು. ಗುಂಡಿಗೆ ಬಿದ್ದ ಒಂದು ಬಲವಾದ ಪೆಟ್ಟಿನಿಂದಲೂ ಚಕ್ರ ಹೀಗೆ ಓರೆಯಾಗಬಹುದು. ವೀಲ್ ಅಲೈನ್‌ಮೆಂಟ್ ಎಂದು ಕಾರ್ಖಾನೆಗಳಲ್ಲಿ ಮಾಡುವುದು ಈ ಓರೆಯನ್ನು ತಿದ್ದುವ ಕೆಲಸವನ್ನೇ. ಚಕ್ರದ ತೂಕ ಸುತ್ತಲೂ ಸಮನಾಗಿಲ್ಲದಿದ್ದರೆ, ಇಲ್ಲವೆ ಶಾಕ್ ಅಬ್ಸಾರ್ಬರುಗಳು ಸತ್ತುಹೋಗಿದ್ದರೆ ಚಕ್ರ ಕುಪ್ಪಳಿಸುತ್ತ ಉರುಳಿ ಅಲ್ಲಲ್ಲಿ ತಗ್ಗುತಗ್ಗಾಗಿ ಸವೆಯುತ್ತದೆ.

ಇನ್ನು ಬಿರುಕು ಬಿಟ್ಟ ನಾಲ್ಕನೆಯದು. ಇದು ಓಡಿ ಸವೆದದ್ದಲ್ಲ, ನಿಂತು ಮುಪ್ಪಾದದ್ದು. ಬಿಸಿಲು, ಆಮ್ಲಜನಕ, ಅದರಲ್ಲಿಯೂ ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಜೋನು ರಬ್ಬರಿನ ಅಣುಸರಪಳಿಗಳನ್ನು ಕಡಿಯುತ್ತವೆ. ಆದುದರಿಂದ ಟೈರಿಗೆ ಕಿಲೋಮೀಟರುಗಳ ಆಯುಷ್ಯದಂತೆ ವರ್ಷಗಳ ಆಯುಷ್ಯವೂ ಉಂಟು. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷಿಸಿ, ಹತ್ತು ವರ್ಷವಾದದ್ದನ್ನು ನೋಡಲು ಚೆನ್ನಾಗಿದ್ದರೂ ತೆಗೆದುಹಾಕಬೇಕೆಂದು ಹಲವು ತಯಾರಕರು ಹೇಳುತ್ತಾರೆ. ವಯಸ್ಸನ್ನು ತಿಳಿಯುವುದು ಸುಲಭ. ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಕಾರಿನ ಹಿಂಬದಿಯಲ್ಲಿ ಮರೆತು ಮಲಗಿರುವ ಸ್ಟೆಪ್ನಿಯ ಅಂಕಿಗಳನ್ನೂ ನೋಡಬೇಕು.

ಓಜೋನಿನಿಂದ ಕಾಪಾಡಲು ರಬ್ಬರಿಗೆ ಕೆಲವು ರಾಸಾಯನಿಕಗಳನ್ನು ಬೆರೆಸುತ್ತಾರೆ. ಸವೆದ ಪುಡಿಯೊಡನೆ ಅವೂ ರಸ್ತೆಯ ಧೂಳನ್ನು ಸೇರುತ್ತವೆ, ಮಳೆನೀರಿನೊಡನೆ ಹೊಳೆಗೆ ಇಳಿಯುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಎಂಬ ಮೀನುಗಳು ಸಾಯುತ್ತಿದ್ದವು. ಇಂಥ ಒಂದು ಟೈರು ರಾಸಾಯನಿಕವು ಓಜೋನಿನೊಡನೆ ಸೇರಿ ಆಗುವ ವಸ್ತುವೇ ಅದಕ್ಕೆ ಕಾರಣವೆಂದು ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಟೈರನ್ನು ವ್ಯರ್ಥವಾಗಿ ಸವೆಸುವುದು ನಮ್ಮ ಜೇಬಿಗೆ ಮಾತ್ರ ತಟ್ಟುವ ನಷ್ಟವಲ್ಲ.

ಟೈರಿನ ಕೊನೆಗಾಲವನ್ನು ಟೈರೇ ತಿಳಿಸುತ್ತದೆ. ಕಾಲುವೆಗಳ ತಳದಲ್ಲಿ 1.6 ಮಿಲಿಮೀಟರು ಎತ್ತರದ ಪುಟ್ಟ ದಿಣ್ಣೆಗಳಿರುತ್ತವೆ. ಸುತ್ತಲಿನ ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರನ್ನು ಬದಲಾಯಿಸಲೇಬೇಕು. ಕಾಲುವೆಗಳಿರುವುದು ಅಂದಕ್ಕಲ್ಲ, ಮಳೆಯಲ್ಲಿ ಟೈರಿನ ಅಡಿಯ ನೀರನ್ನು ಹೊರಕ್ಕೆ ಸಾಗಿಸಲು. ಅವು ಬತ್ತಿದರೆ ನೀರು ಟೈರಿಗೂ ರಸ್ತೆಗೂ ನಡುವೆ ಸಿಕ್ಕಿಕೊಂಡು ಕಾರು ತೆಪ್ಪದಂತೆ ತೇಲತೊಡಗುತ್ತದೆ. ಆಗ ಬ್ರೇಕೂ ಸ್ಟಿಯರಿಂಗೂ ಕೆಲಸಕ್ಕೆ ಬಾರವು.

ನಾವು ಮಾಡಬೇಕಾದುದು ಬಹಳವೇನೂ ಇಲ್ಲ. ಚೆನ್ನಾಗಿರುವ ಟೈರಿನಿಂದಲೂ ತಿಂಗಳಿಗೆ ಒಂದು ಪೌಂಡಿನಷ್ಟು ಗಾಳಿ ತಾನಾಗಿಯೇ ಸೋರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ, ದೂರದ ಪಯಣಕ್ಕೆ ಮುನ್ನವೂ, ಟೈರು ತಣ್ಣಗಿರುವಾಗ ಒತ್ತಡವನ್ನು ನೋಡಬೇಕು. ಇರಬೇಕಾದ ಅಳತೆಯನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿ ಅಂಟಿಸಿರುತ್ತಾರೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನ ಚಕ್ರಗಳನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಬದಲಾಯಿಸಿ, ಅವುಗಳ ಓರೆಯನ್ನು ತಿದ್ದಿಸಬೇಕು.

ಮನೆಯಲ್ಲಿ ಕಾರಿರುವ ವಿದ್ಯಾರ್ಥಿಗಳು ಇಂದೇ ಒಂದು ಅಳತೆಪಟ್ಟಿಯನ್ನು ಹಿಡಿದು ನಾಲ್ಕು ಟೈರುಗಳ ಕಾಲುವೆಯ ಆಳವನ್ನು ಒಳಗೆ, ನಡುವೆ, ಹೊರಗೆ ಹೀಗೆ ಮೂರು ಕಡೆ ಅಳೆದು ಬರೆದಿಡಲಿ. ಮೂರು ಅಳತೆಗಳೂ ಸಮನಾಗಿದ್ದರೆ ಸಂತೋಷ. ವ್ಯತ್ಯಾಸವಿದ್ದರೆ ಅದರ ಕಾರಣವನ್ನು ಈಗ ಅವರೇ ಹೇಳಬಲ್ಲರು. ಮುಂದಿನ ಪಯಣಕ್ಕೆ ಮೊದಲು ಮನೆಯ ಹಿರಿಯರಿಗೆ ತಿಳಿಸುವುದನ್ನು ಮರೆಯದಿರಲಿ.