ಮೊಬೈಲಿಗೆ ಬರುವ ನೆಟ್ ಲ್ಯಾಪ್‌ಟಾಪಿಗೆ ಯಾಕೆ ಬರುತ್ತಿಲ್ಲ?

ಮನೆಯಲ್ಲಿ ಕೇಬಲ್ ಇಂಟರ್ನೆಟ್ ಇದೆ. ತಿಂಗಳ ಹಣವನ್ನೂ ಕಟ್ಟಿದ್ದೀರಿ. ಆದರೆ ಲ್ಯಾಪ್‌ಟಾಪ್ ತೆರೆದರೆ ‘ನೋ ಇಂಟರ್ನೆಟ್’ ಎಂಬ ಬರಹ. ಮಕ್ಕಳ ಪರೀಕ್ಷೆಯ ಅರ್ಜಿಗೆ ಇಂದೇ ಕೊನೆಯ ದಿನ ಎಂಬ ಹೊತ್ತಿನಲ್ಲಿ ಹೀಗಾದರೆ ಕೈ ನೇರವಾಗಿ ರೂಟರಿನ ಗುಂಡಿಗಳ ಕಡೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ತೊಂದರೆ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಏನನ್ನಾದರೂ ಬದಲಿಸಿದರೆ ಒಂದು ತೊಂದರೆ ಎರಡಾಗುತ್ತದೆ.

ನೆಟ್ ಬರುವ ದಾರಿಯನ್ನು ಮೊದಲು ತಿಳಿಯೋಣ. ಬೀದಿಯ ಕಂಬದಿಂದ ಒಂದು ತಂತಿ ಮನೆಯೊಳಗಿನ ಮೋಡೆಮ್‌ಗೆ ಬರುತ್ತದೆ. ಮೋಡೆಮ್ ಎಂದರೆ ತಂತಿಯಲ್ಲಿ ಬಂದ ಸಂಕೇತವನ್ನು ಕಂಪ್ಯೂಟರ್ ಬಳಸುವ ರೂಪಕ್ಕೆ ತರುವ ಪೆಟ್ಟಿಗೆ. ಟಿವಿಗೆ ಬರುವಂಥ ದಪ್ಪ ಕೊಆಕ್ಸಿಯಲ್ ಕೇಬಲ್ ಬಂದಿದ್ದರೆ ಅದು ಕೇಬಲ್ ಮೋಡೆಮ್. ತೆಳು ಗಾಜಿನ ಎಳೆ, ಅಂದರೆ ಫೈಬರ್ ಬಂದಿದ್ದರೆ ಅದೇ ಕೆಲಸದ ಪೆಟ್ಟಿಗೆಗೆ ಓಎನ್‌ಟಿ ಎನ್ನುತ್ತಾರೆ. ಅಲ್ಲಿಂದ ಮುಂದೆ ರೂಟರ್. ಒಂದೇ ಸಂಪರ್ಕವನ್ನು ಮನೆಯ ಎಲ್ಲ ಸಾಧನಗಳಿಗೆ ಹಂಚುವುದು ಅದರ ಕೆಲಸ. ಹಲವು ಮನೆಗಳಲ್ಲಿ ಇವೆರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಕೊನೆಗೆ ವೈ-ಫೈ ಮೂಲಕವೋ ಲ್ಯಾನ್ ಕೇಬಲ್ ಮೂಲಕವೋ ನೆಟ್ ಲ್ಯಾಪ್‌ಟಾಪಿಗೆ ತಲುಪುತ್ತದೆ.

ಅಡುಗೆಮನೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಬಚ್ಚಲಿನ ನಲ್ಲಿ ತಿರುಗಿಸಿ ನೋಡುತ್ತೇವಲ್ಲ, ಇಲ್ಲೂ ಮೊದಲ ಪರೀಕ್ಷೆ ಅದೇ. ನಿಮ್ಮ ಮೊಬೈಲನ್ನು ಅದೇ ವೈ-ಫೈಗೆ ಸೇರಿಸಿ. ಮೊಬೈಲ್ ಡೇಟಾವನ್ನು ಮರೆಯದೆ ಆಫ್ ಮಾಡಿ. ಇಲ್ಲದಿದ್ದರೆ ಸಿಮ್‌ನ ನೆಟ್ ಬಂದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಈಗ ಒಂದು ಹೊಸ ಪುಟ ತೆರೆಯಿರಿ. ತೆರೆಯದಿದ್ದರೆ ತೊಂದರೆ ರೂಟರಿನಲ್ಲಿ ಅಥವಾ ಹೊರಗಿನ ತಂತಿಯಲ್ಲಿದೆ. ತೆರೆದರೆ ಅದು ಬಹುತೇಕ ಲ್ಯಾಪ್‌ಟಾಪಿನದ್ದೇ. ಹಾಗಿದ್ದಾಗ ಕೇಬಲ್‌ನವರನ್ನು ಕರೆಸಿದರೂ ಅವರು ತಮ್ಮ ಫೋನಿನಲ್ಲಿ ನೆಟ್ ತೋರಿಸಿ ‘ಲೈನ್ ಸರಿಯಾಗಿದೆ’ ಎಂದು ಹೊರಡುತ್ತಾರೆ.

ಮೊಬೈಲಿಗೂ ನೆಟ್ ಇಲ್ಲ ಎಂದಾದರೆ ಪೆಟ್ಟಿಗೆಯ ದೀಪಗಳನ್ನು ನೋಡಿ. ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತ ಮನೆಗೆ ಬರುತ್ತಿಲ್ಲ. ಎಳೆ ಎಲ್ಲೋ ಮುರಿದಿರಬಹುದು, ಇಲ್ಲವೇ ಮಡಚಿರಬಹುದು. ಇದನ್ನು ನೀವು ಸರಿಪಡಿಸಲು ಆಗದು. ದೂರು ಕೊಡಿ. ಕೇಬಲ್ ಮೋಡೆಮ್‌ನಲ್ಲಿ ‘ಆನ್‌ಲೈನ್’ ದೀಪ ಮಿನುಗುತ್ತಲೇ ಇದ್ದರೆ ಕೊಆಕ್ಸಿಯಲ್ ತಿರುಪು ಸಡಿಲವಾಗಿದೆಯೇ ನೋಡಿ. ಟಿವಿಗೂ ಮೋಡೆಮ್‌ಗೂ ಸಂಕೇತ ಹಂಚುವ ಸ್ಪ್ಲಿಟರ್ ಇದ್ದರೆ ಅದರ ಮೇಲೂ ಒಂದು ಕಣ್ಣಿರಲಿ. ಎರಡು ಕವಲಿನ ಸ್ಪ್ಲಿಟರ್ ಪ್ರತಿ ಕವಲಿಗೂ ಸಂಕೇತದ ಅರ್ಧಕ್ಕಿಂತ ಕಡಿಮೆ ಶಕ್ತಿಯನ್ನಷ್ಟೇ ಕೊಡುತ್ತದೆ. ಇನ್ನೊಂದು ಮಾತು: ಕರೆಂಟ್ ಹೋದಾಗ ನಿಮ್ಮ ಯುಪಿಎಸ್ ಓಡುತ್ತಿದ್ದರೂ, ಬೀದಿಯಲ್ಲಿ ನೆಟ್ ಹಂಚುವ ಆಪರೇಟರ್ ಪೆಟ್ಟಿಗೆಗೆ (ಸ್ವಿಚ್) ಕರೆಂಟ್ ಇಲ್ಲದಿದ್ದರೆ ನೆಟ್ ಬರುವುದಿಲ್ಲ.

ದೀಪಗಳು ಸರಿಯಾಗಿದ್ದೂ ನೆಟ್ ಇಲ್ಲವೇ? ಎರಡೂ ಪೆಟ್ಟಿಗೆಗಳ ಪ್ಲಗ್ ತೆಗೆಯಿರಿ. ಒಂದು ನಿಮಿಷ ಬಿಟ್ಟು ಮೊದಲು ಮೋಡೆಮ್ ಹಾಕಿ. ಅದರ ದೀಪಗಳು ಸ್ಥಿರವಾದ ಮೇಲೆ ರೂಟರ್ ಹಾಕಿ. ಈ ಕ್ರಮ ಮುಖ್ಯ. ಆದರೆ ರೂಟರ್ ಹಿಂದೆ ಪಿನ್ನು ಚುಚ್ಚಿ ಒತ್ತುವ ‘ರೀಸೆಟ್’ ತೂತನ್ನು ಮುಟ್ಟಲೇಬೇಡಿ. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಕೇಬಲ್‌ನವರು ಒಳಗೆ ತುಂಬಿಸಿದ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತವೆ. ಆಗ ಇಡೀ ಮನೆಗೆ ನೆಟ್ ನಿಲ್ಲುತ್ತದೆ.

ಈಗ ಲ್ಯಾಪ್‌ಟಾಪಿಗೆ ಬರೋಣ. ಏರ್‌ಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ; ಕೀಬೋರ್ಡಿನ ಒಂದು ಕೀಲಿ ಅರಿವಿಲ್ಲದೆ ಒತ್ತಿದರೂ ಇದು ಆಗುತ್ತದೆ. ಮನೆಯ ವೈ-ಫೈ ಹೆಸರು ಪಟ್ಟಿಯಲ್ಲೇ ಕಾಣದಿದ್ದರೆ ಅದು 5 ಗಿಗಾಹರ್ಟ್ಸ್ ಸಂಪರ್ಕವಾಗಿರಬಹುದು. ಹಳೆಯ ಹಲವು ಲ್ಯಾಪ್‌ಟಾಪುಗಳು 2.4 ಗಿಗಾಹರ್ಟ್ಸ್ ಅನ್ನು ಮಾತ್ರ ಹಿಡಿಯುತ್ತವೆ. ಪಾಸ್‌ವರ್ಡ್ ಬದಲಿಸಿದ್ದರೆ ಆ ಹೆಸರನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ. ದಿನಾಂಕವನ್ನೂ ನೋಡಿ. ಅದು ತುಂಬ ಹಿಂದಿನದಾಗಿದ್ದರೆ ಬ್ಯಾಂಕಿನಂಥ ಸುರಕ್ಷಿತ ತಾಣಗಳು ತೆರೆಯುವುದೇ ಇಲ್ಲ. ಕಚೇರಿಯ ವಿಪಿಎನ್ ಅಥವಾ ಪ್ರಾಕ್ಸಿ ಆನ್ ಇದ್ದರೆ ಆಫ್ ಮಾಡಿ ನೋಡಿ.

ಇಷ್ಟಾದರೂ ಬಾರದಿದ್ದರೆ ಲ್ಯಾಪ್‌ಟಾಪನ್ನೇ ಕೇಳಬೇಕು. ವಿಂಡೋಸ್ ಆದರೆ ಸ್ಟಾರ್ಟ್ ಒತ್ತಿ, ಸಿ, ಎಂ, ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ಕಪ್ಪು ಕಿಟಕಿಯಲ್ಲಿ ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಎಂಬ ಎಂಟು ಅಕ್ಷರಗಳನ್ನು ಜಾಗ ಬಿಡದೆ ಹೊಡೆಯಿರಿ. ‘ಐಪಿವಿ4 ಅಡ್ರೆಸ್’ ಎಂಬ ಸಾಲು ಕಾಣುತ್ತದೆ. ಇದು ಮನೆಯ ಜಾಲದಲ್ಲಿ ನಿಮ್ಮ ಲ್ಯಾಪ್‌ಟಾಪಿನ ವಿಳಾಸ. ಅದು 192.168 ಎಂದು ಶುರುವಾದರೆ ರೂಟರ್ ಸಾಮಾನ್ಯವಾಗಿ ವಿಳಾಸ ಕೊಟ್ಟಿದೆ ಎಂದರ್ಥ. 169.254 ಎಂದು ಶುರುವಾದರೆ ರೂಟರ್ ಉತ್ತರಿಸಲಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ. ವಿಳಾಸ ಯಾವುದೇ ಇರಲಿ, ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ‘ಐಪಿ ಅಸೈನ್‌ಮೆಂಟ್’ ಎಂಬುದು ‘ಆಟೊಮ್ಯಾಟಿಕ್’ ಆಗಿದೆಯೇ ನೋಡಿ. ಹಳೆಯ ಮನೆಯಲ್ಲೋ ಕಚೇರಿಯಲ್ಲೋ ಯಾರಾದರೂ ಕೈಯಿಂದ ತುಂಬಿಸಿದ ವಿಳಾಸ ಅಲ್ಲೇ ಉಳಿದುಕೊಂಡಿದ್ದರೆ ಹೊಸ ಮನೆಯ ರೂಟರ್ ಜೊತೆ ಅದು ಹೊಂದುವುದಿಲ್ಲ.

ವಿಳಾಸ ಸರಿಯಿದ್ದೂ ಪುಟಗಳು ತೆರೆಯದಿದ್ದರೆ ಅದೇ ಕಿಟಕಿಯಲ್ಲಿ ಪಿ, ಐ, ಎನ್, ಜಿ ಎಂದು ಹೊಡೆದು, ಒಂದು ಜಾಗ ಬಿಟ್ಟು 8.8.8.8 ಹಾಕಿ. ಇದು ಗೂಗಲ್‌ನ ಒಂದು ಸರ್ವರಿನ ವಿಳಾಸ. 8.8.8.8ರಿಂದಲೇ ‘ರಿಪ್ಲೈ’ ಬಂದರೆ ನೆಟ್ ಬರುತ್ತಿದೆ. ಕೆಟ್ಟಿರುವುದು ಬಹುಶಃ ಡಿಎನ್‌ಎಸ್, ಅಂದರೆ ತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ಬದಲಿಸಿಕೊಡುವ ಸೇವೆ. ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಎಂದು ತುಂಬಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕೇಬಲ್ ಸಂಪರ್ಕದಲ್ಲಿ ಕಾಡುವ ಒಂದು ತೊಂದರೆಯನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಗ್ರಾಹಕರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಕೆಲವು ಮನೆಗಳಲ್ಲಿ ರೂಟರ್ ಇಲ್ಲದೆ ತಂತಿ ನೇರ ಕಂಪ್ಯೂಟರಿಗೆ ಬರುತ್ತದೆ. ಪ್ರತಿ ನೆಟ್‌ವರ್ಕ್ ಸಾಧನಕ್ಕೂ ತಯಾರಿಕೆಯಲ್ಲೇ ಕೊಟ್ಟ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅದೇ ಮ್ಯಾಕ್ ಅಡ್ರೆಸ್. ಕೆಲವು ಆಪರೇಟರುಗಳು ನಿಮ್ಮ ಖಾತೆಯನ್ನು ಮೊದಲ ಸಾಧನದ ಮ್ಯಾಕ್‌ಗೆ ಕಟ್ಟಿಹಾಕಿರುತ್ತಾರೆ. ಹೊಸ ಲ್ಯಾಪ್‌ಟಾಪ್ ಜೋಡಿಸಿದರೆ ಎಲ್ಲ ಸರಿಯಿದ್ದೂ ನೆಟ್ ಬರುವುದಿಲ್ಲ. ಕೇಬಲ್ ಮೋಡೆಮ್ ಕೂಡ ಮೊದಲು ಕಂಡ ಸಾಧನವನ್ನೇ ನೆನಪಿಟ್ಟುಕೊಂಡಿರಬಹುದು. ಆದ್ದರಿಂದ ಮೊದಲು ಮೋಡೆಮ್ ಆಫ್ ಮಾಡಿ ಆನ್ ಮಾಡಿ. ಆಗಲೂ ಬಾರದಿದ್ದರೆ ಫೋನ್ ಮಾಡಿ ‘ನನ್ನ ಖಾತೆಯ ಮ್ಯಾಕ್ ಬಿಡುಗಡೆ ಮಾಡಿ’ ಎನ್ನಿ. ಇದನ್ನು ಅವರು ಕುಳಿತಲ್ಲಿಂದಲೇ ಮಾಡಬಹುದು.

ಹೀಗೆ ನೇರ ತಂತಿಯಿದ್ದು, ‘ಕನೆಕ್ಟ್’ ಒತ್ತಿ ಯೂಸರ್‌ನೇಮ್ ಕೊಡುವ ಪದ್ಧತಿಯಾದರೆ ದೋಷದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 691 ಬಂದರೆ ಪಾಸ್‌ವರ್ಡ್ ತಪ್ಪಿದೆ, ಇಲ್ಲವೇ ಪ್ಲಾನ್ ಅವಧಿ ಮುಗಿದಿರಬಹುದು. 651 ಬಂದರೆ ಆಚೆ ಬದಿಯಿಂದ ಉತ್ತರವೇ ಇಲ್ಲ, ತಂತಿ ನೋಡಬೇಕು.

ಖರ್ಚು ಹೆಚ್ಚಿಲ್ಲ. ವೈ-ಫೈ ಹೋದಾಗ ಲ್ಯಾನ್ ಕೇಬಲ್ ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ಸಿದ್ಧ ಕೇಬಲ್ ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ. ಕೇಬಲಿನಲ್ಲಿ ನೆಟ್ ಬಂದು ವೈ-ಫೈನಲ್ಲಿ ಬಾರದಿದ್ದರೆ, ಡ್ರೈವರ್ ತಂತ್ರಾಂಶವನ್ನು ಹೊಸದಾಗಿ ಹಾಕಿದರೂ ಸರಿಹೋಗದಿದ್ದರೆ, ಒಳಗಿನ ವೈ-ಫೈ ಕಾರ್ಡ್ ಕೆಟ್ಟಿರಬಹುದು. ಅದಕ್ಕಾಗಿ ಲ್ಯಾಪ್‌ಟಾಪ್ ಬಿಚ್ಚಿಸಬೇಕಿಲ್ಲ. ಯುಎಸ್‌ಬಿ ವೈ-ಫೈ ಅಡಾಪ್ಟರ್ ಸುಮಾರು 500ರಿಂದ 1,000 ರೂಪಾಯಿಗೆ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವುಗಳಿಗೆ ಸಾಲು ಅಂಗಡಿಗಳಿವೆ. ಬೇರೆ ಊರುಗಳಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಕೇಳಿ. ಮನೆಯಿಂದ ಮನೆಗೆ ಎಳೆದ ತಾಮ್ರದ ಲ್ಯಾನ್ ತಂತಿ ನಿಮ್ಮದಾಗಿದ್ದರೆ ಗುಡುಗು ಶುರುವಾಗುವ ಮೊದಲೇ ಅದನ್ನು ಕಿತ್ತಿಡಿ. ಹತ್ತಿರದಲ್ಲಿ ಸಿಡಿಲು ಬಡಿದರೆ ಲ್ಯಾಪ್‌ಟಾಪಿನ ಲ್ಯಾನ್ ಕಿಂಡಿ ಸುಟ್ಟುಹೋಗಬಹುದು.

ದೂರು ಕೊಡುವಾಗ ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಬೇಡಿ. ಯಾವ ದೀಪ ಉರಿಯುತ್ತಿದೆ, ಮೊಬೈಲಿಗೆ ಬರುತ್ತಿದೆಯೇ, ವಿಳಾಸ ಯಾವ ಅಂಕಿಯಿಂದ ಶುರುವಾಗಿದೆ ಎಂದು ಹೇಳಿ. ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಪರಿಹಾರ ತೃಪ್ತಿ ತರದಿದ್ದರೆ ಅದೇ ಸಂಖ್ಯೆ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಗ್ರಾಹಕರ ಬಿಡಿ ದೂರುಗಳನ್ನು ತಾನೇ ಬಗೆಹರಿಸುವುದಿಲ್ಲ. ಕಂಪನಿಯೂ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.