ದೀರ್ಘಕಾಲದ ಮೂತ್ರಕೋಶದ ತೊಂದರೆ ಹಾಗೂ ಕಿಬ್ಬೊಟ್ಟೆ ನೋವು: ಸ್ವಯಂ ಆರೈಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪದೇ ಪದೇ ಮೂತ್ರ ವಿಸರ್ಜನೆಗೆ ಹೋಗಬೇಕೆನಿಸುವುದು, ಅವಸರ ಬಂದೊಡನೆ ತಡೆಯಲಾಗದಿರುವುದು, ಕೆಮ್ಮಿದಾಗ ಅಥವಾ ಭಾರ ಎತ್ತಿದಾಗ ಮೂತ್ರ ಸೋರುವುದು, ಮೂತ್ರಕೋಶ ತುಂಬಿದಂತೆಲ್ಲಾ ಕಿಬ್ಬೊಟ್ಟೆಯಲ್ಲಿ ನೋವು ಹೆಚ್ಚಿ ವಿಸರ್ಜನೆಯ ನಂತರ ಕೊಂಚ ತಗ್ಗುವುದು – ಇಂತಹ ತೊಂದರೆಗಳಿಂದ ಹಲವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಬಳಲುತ್ತಿರುತ್ತಾರೆ. ನಮ್ಮ ಕಡೆ ಇದನ್ನು "ಉಷ್ಣವಾಗಿದೆ" ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ವಿಶೇಷವಾಗಿ ಮಹಿಳೆಯರು ಈ ವಿಷಯವನ್ನು ಮನೆಯವರ ಬಳಿಯೂ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಈ ತೊಂದರೆಗಳಲ್ಲಿ ವೈದ್ಯರು ಮಾಡಬೇಕಾದುದು ಯಾವುದು, ವ್ಯಕ್ತಿಯು ಮನೆಯಲ್ಲಿಯೇ ಮಾಡಿಕೊಳ್ಳಬಹುದಾದುದು ಯಾವುದು ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಹೋಬಳಿಯ ದಿನಚರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಡಿಕೆ ತೋಟಕ್ಕೆ, ಗದ್ದೆ ಕೆಲಸಕ್ಕೆ ಹೋಗುವ ಮಹಿಳೆಯರಿಗೆ ಕೆಲಸದ ಸ್ಥಳದಲ್ಲಿ ಮರೆಯಾದ ಜಾಗವಿರುವುದಿಲ್ಲ. ಪಹಣಿಗೋ, ಪಿಂಚಣಿಗೋ ಅರ್ಜಿ ಸಲ್ಲಿಸಲು ತರೀಕೆರೆಗೆ ಬಸ್ಸಿನಲ್ಲಿ ಬರುವ ವೃದ್ಧರು, ದಾರಿಯಲ್ಲಿ ಅವಸರವಾದರೆ ಏನು ಮಾಡುವುದೆಂಬ ಅಂಜಿಕೆಯಿಂದ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಭದ್ರಾ ಜಲಾಶಯದ ಮಗ್ಗುಲಲ್ಲಿಯೇ ಇರುವ ಊರಿನವರು ಬಾಯಾರಿ ದಿನ ಕಳೆಯುವುದಕ್ಕೆ ಕಾರಣ ನೀರಿನ ಅಭಾವವಲ್ಲ, ಶೌಚಾಲಯದ ಅಭಾವ. ಆದರೆ ನೀರು ಬಿಡುವುದರಿಂದ ತೊಂದರೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಮೂತ್ರವು ಗಟ್ಟಿಯಾಗಿ ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತದೆ, ಸೋಂಕಿಗೂ ಕಲ್ಲಿಗೂ ಅವಕಾಶವಾಗುತ್ತದೆ, ಮಲಬದ್ಧತೆ ಉಂಟಾಗಿ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ.

ತೋಟದ ಕೆಲಸಗಾರರಿಗೆ ಶೌಚಾಲಯ ಒದಗಿಸುವುದು ಮಾಲೀಕರ ಔದಾರ್ಯದ ವಿಷಯವಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿಯೇ ಈ ಹೊಣೆಯನ್ನು ವಿಧಿಸಲಾಗಿತ್ತು. ಅದರ ಸ್ಥಾನದಲ್ಲಿ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿಯೂ ಶೌಚಾಲಯ ಒದಗಿಸುವುದು ಉದ್ಯೋಗದಾತರ ಹೊಣೆಯಾಗಿದೆ.

ಮೊದಲು ಪರೀಕ್ಷೆ, ನಂತರ ಸ್ವಯಂ ಆರೈಕೆ

ಸ್ವಯಂ ಆರೈಕೆಯು ತಪಾಸಣೆಗೆ ಬದಲಿಯಲ್ಲ. ಮೊದಲಿಗೆ ಮೂತ್ರ ಪರೀಕ್ಷೆ, ಅಗತ್ಯವಿದ್ದಲ್ಲಿ ಕಲ್ಚರ್ ಪರೀಕ್ಷೆ ಹಾಗೂ ರಕ್ತದಲ್ಲಿನ ಸಕ್ಕರೆ ಅಂಶದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಸಕ್ಕರೆ ಕಾಯಿಲೆ, ಮೂತ್ರಕೋಶದ ಕಲ್ಲು, ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯ ತೊಂದರೆ, ಮಹಿಳೆಯರಲ್ಲಿ ಗರ್ಭಕೋಶದ ಜಾರುವಿಕೆ ಮುಂತಾದವು ಇವೇ ಲಕ್ಷಣಗಳನ್ನು ತೋರುತ್ತವೆ. ಮೂತ್ರದಲ್ಲಿ ಕೀವುಕಣಗಳು ಕಂಡರೂ ಸಾಮಾನ್ಯ ಕಲ್ಚರ್‌ನಲ್ಲಿ ಯಾವ ಕ್ರಿಮಿಯೂ ಬೆಳೆಯದಿದ್ದಲ್ಲಿ ಮೂತ್ರಾಂಗದ ಕ್ಷಯರೋಗವನ್ನು ಸಹ ಪರಿಶೀಲಿಸಬೇಕಾಗುತ್ತದೆ. ಕ್ಷಯದ ಪರೀಕ್ಷೆ ಮತ್ತು ಔಷಧಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿರುತ್ತದೆ.

ಸೋಂಕು ಅಥವಾ ಬೇರೆ ಯಾವುದೇ ಕಾರಣ ಕಾಣದೆ, ಮೂತ್ರಕೋಶಕ್ಕೆ ಸಂಬಂಧಿಸಿದ ನೋವು ಆರು ವಾರಗಳಿಗೂ ಮೀರಿ ಮುಂದುವರಿದಲ್ಲಿ ಅದನ್ನು ಮೂತ್ರಕೋಶ ನೋವಿನ ಕಾಯಿಲೆಯೆಂದು ವೈದ್ಯರು ಪರಿಗಣಿಸುತ್ತಾರೆ. ಇದು ಸೋಂಕಲ್ಲ. ಆದುದರಿಂದ ಪ್ರತಿ ಬಾರಿ ಉರಿ ಬಂದಾಗಲೂ ಔಷಧಿ ಅಂಗಡಿಯಿಂದ ಹಳೆಯ ಚೀಟಿಯ ಆಧಾರದ ಮೇಲೆ ಆಂಟಿಬಯೋಟಿಕ್ ಮಾತ್ರೆ ತಂದು ನುಂಗುವುದರಿಂದ ಪ್ರಯೋಜನವಿಲ್ಲ; ಮುಂದೆ ನಿಜವಾದ ಸೋಂಕು ಬಂದಾಗ ಆ ಮಾತ್ರೆ ಕೆಲಸ ಮಾಡದೆ ಹೋಗಬಹುದು.

ಚಳಿಜ್ವರದೊಂದಿಗೆ ಪಕ್ಕೆ ನೋವು, ಮೂತ್ರ ಸಂಪೂರ್ಣ ಕಟ್ಟುವುದು, ತೊಡೆಸಂದಿ ಮತ್ತು ಗುದಭಾಗದಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗುವುದು – ಇವುಗಳಲ್ಲಿ ಯಾವುದೇ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದಲ್ಲಿ, ಅದು ಒಮ್ಮೆ ಬಂದು ನಿಂತಿದ್ದರೂ, ವಿಳಂಬ ಮಾಡದೆ ತಪಾಸಣೆ ಅವಶ್ಯ. ಬೀಡಿ, ಸಿಗರೇಟು ಸೇದುವವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸಂಭವ ಹೆಚ್ಚು.

ಮೂರು ದಿನಗಳ ಲೆಕ್ಕ

ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಅತ್ಯಂತ ಉಪಯುಕ್ತವಾದುದು, ಖರ್ಚಿಲ್ಲದ್ದು, ಆದರೆ ಅತಿ ಕಡಿಮೆ ಜನರು ಮಾಡುವುದು ಇದೊಂದೇ. ಮಳೆಗಾಲದಲ್ಲಿ ಭದ್ರಾ ಜಲಾಶಯದ ಒಳಹರಿವು, ಹೊರಹರಿವಿನ ವಿವರವನ್ನು ಪತ್ರಿಕೆಗಳಲ್ಲಿ ದಿನವೂ ಓದುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೂರು ದಿನಗಳ ಕಾಲ, ಹಗಲು ರಾತ್ರಿ, ಕುಡಿದ ನೀರು, ಕಾಫಿ, ಮಜ್ಜಿಗೆ ಇತ್ಯಾದಿಗಳ ಪ್ರಮಾಣ ಹಾಗೂ ಪ್ರತಿ ಬಾರಿ ವಿಸರ್ಜಿಸಿದ ಮೂತ್ರದ ಪ್ರಮಾಣವನ್ನು ವೇಳೆ ಸಹಿತ ಒಂದು ನೋಟ್ ಪುಸ್ತಕದಲ್ಲಿ ಬರೆಯತಕ್ಕದ್ದು. ಅಳೆಯಲು ಮಿಲಿ ಲೀಟರ್ ಗುರುತಿರುವ ಒಂದು ಹಳೆಯ ಪ್ಲಾಸ್ಟಿಕ್ ಅಳತೆಪಾತ್ರೆಯನ್ನು ಪ್ರತ್ಯೇಕವಾಗಿಟ್ಟುಕೊಂಡರೆ ಸಾಕು. ಸೋರಿಕೆ ಅಥವಾ ನೋವು ಬಂದ ವೇಳೆಯನ್ನೂ ನಮೂದಿಸಬೇಕು. ಓದುಬರಹ ಬಾರದವರಿಗೆ ಮನೆಯ ಮಕ್ಕಳು ಬರೆದುಕೊಡಬಹುದು.

ಆರೋಗ್ಯವಂತ ವಯಸ್ಕರ ಮೂತ್ರಕೋಶವು ಸಾಮಾನ್ಯವಾಗಿ 300 ರಿಂದ 500 ಮಿ.ಲೀ. ಹಿಡಿಯುತ್ತದೆ, ದಿನಕ್ಕೆ ಆರರಿಂದ ಎಂಟು ಬಾರಿ ವಿಸರ್ಜನೆ ಸಹಜ. ಈಗ ಲೆಕ್ಕವನ್ನು ಓದುವ ಬಗೆ ಹೀಗಿದೆ. ಹದಿನೈದು ಬಾರಿ ಹೋಗಿದ್ದು, ಪ್ರತಿ ಬಾರಿಯೂ 80–100 ಮಿ.ಲೀ. ಮಾತ್ರ ಇದ್ದರೆ, ಮೂತ್ರಕೋಶವು ತುಂಬುವ ಮೊದಲೇ ಕೆರಳುತ್ತಿದೆ ಎಂದರ್ಥ. ಅದೇ ಹದಿನೈದು ಬಾರಿಯೂ 250 ಮಿ.ಲೀ.ಗೆ ಕಡಿಮೆಯಿಲ್ಲದಿದ್ದರೆ ಒಟ್ಟು ಮೂರೂ ಮುಕ್ಕಾಲು ಲೀಟರಾಯಿತು. ಅಂತಹವರಲ್ಲಿ ಮೂತ್ರಕೋಶ ಸರಿಯಾಗಿಯೇ ಇದ್ದು, ಅತಿಯಾಗಿ ನೀರು ಕುಡಿಯುವುದು ಅಥವಾ ಸಕ್ಕರೆ ಕಾಯಿಲೆ ಕಾರಣವಿರಬಹುದು. ವಯಸ್ಸಾದವರಲ್ಲಿ ದಿನದ ಒಟ್ಟು ಮೂತ್ರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿ ನಿದ್ರೆಯ ಅವಧಿಯಲ್ಲಿಯೇ ಬರುತ್ತಿದ್ದರೆ, ಸಂಜೆಯ ಪಾನೀಯಗಳು, ಕಾಲು ಊತ, ಹೃದಯದ ತೊಂದರೆ ಅಥವಾ ಬಿ.ಪಿ. ಮಾತ್ರೆ ನುಂಗುವ ವೇಳೆಯನ್ನು ವೈದ್ಯರೊಂದಿಗೆ ಚರ್ಚಿಸಬೇಕು. ಮೂವರೂ ಹೇಳುವ ದೂರು ಒಂದೇ – "ಮೇಲಿಂದ ಮೇಲೆ ಹೋಗಬೇಕಾಗುತ್ತದೆ". ಆದರೆ ಚಿಕಿತ್ಸೆ ಮೂರು ಬಗೆ. ಕೆಲವೇ ನಿಮಿಷಗಳ ಹೊರರೋಗಿ ತಪಾಸಣೆಯಲ್ಲಿ ಬಾಯಿಮಾತಿನ ವಿವರಣೆಗಿಂತ ಈ ಒಂದು ಹಾಳೆಯೇ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ವೇಗವನ್ನು ತಡೆಯಬಾರದೆಂಬ ಮಾತಿನ ಬಗ್ಗೆ

ಮೂತ್ರಕೋಶ ಬೇಗನೆ ಕೆರಳುವವರಿಗೆ ಅಂತರವನ್ನು ಕ್ರಮೇಣ ಹೆಚ್ಚಿಸುವ ಅಭ್ಯಾಸವನ್ನು ಸೂಚಿಸಲಾಗುತ್ತದೆ. ಈಗ ಗಂಟೆಗೊಮ್ಮೆ ಹೋಗುವವರು ಒಂದು ವಾರ ಒಂದೂಕಾಲು ಗಂಟೆಗೊಮ್ಮೆ, ಅದು ರೂಢಿಯಾದ ಮೇಲೆ ಒಂದೂವರೆ ಗಂಟೆಗೊಮ್ಮೆ, ಹೀಗೆ ಎರಡೂವರೆ, ಮೂರು ಗಂಟೆಯವರೆಗೆ ಅಂತರವನ್ನು ಒಯ್ಯಬೇಕು. ಅವಸರ ಬಂದಾಗ ಓಡದೆ, ಇದ್ದಲ್ಲಿಯೇ ಕುಳಿತು ನಿಧಾನವಾಗಿ ಉಸಿರಾಡುತ್ತಾ ನೂರರಿಂದ ಹಿಂದಕ್ಕೆ ಎಣಿಸಿದರೆ ಆ ಅಲೆ ಇಳಿಯುತ್ತದೆ. ಫಲ ಕಾಣಲು ಆರರಿಂದ ಹನ್ನೆರಡು ವಾರಗಳಾದರೂ ಬೇಕು. ನೋವು ಇರುವವರು ನೋವನ್ನು ಸಹಿಸಿಕೊಂಡು ತಡೆಯಬಾರದು. ಅವರು ನೋವು ಹತೋಟಿಗೆ ಬಂದ ನಂತರವೇ ಇದನ್ನು ಆರಂಭಿಸತಕ್ಕದ್ದು.

ಇದಕ್ಕೆ ಹಿರಿಯರು ಆಕ್ಷೇಪಿಸುವುದುಂಟು. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಮಲಮೂತ್ರಾದಿ ವೇಗಗಳನ್ನು ತಡೆಯಬಾರದೆಂದು ಹೇಳಿದೆ. ಇವೆರಡರಲ್ಲಿ ವಿರೋಧ ಕಾಣಬೇಕಾಗಿಲ್ಲ. ತುಂಬಿದ ಮೂತ್ರಕೋಶವನ್ನು ಗದ್ದೆಯಲ್ಲಿ, ಬಸ್ಸಿನಲ್ಲಿ, ಸರತಿ ಸಾಲಿನಲ್ಲಿ ಐದಾರು ಗಂಟೆ ಕಟ್ಟಿಕೊಂಡಿರುವುದು ಹಾನಿಕರವೇ ಸರಿ. ಮೇಲೆ ಹೇಳಿದ ಅಭ್ಯಾಸವು ಇನ್ನೂ ತುಂಬದ ಮೂತ್ರಕೋಶದ ಸುಳ್ಳು ಕರೆಗೆ ಸಂಬಂಧಿಸಿದ್ದು. ಯಾವುದು ಸುಳ್ಳು ಕರೆ ಎಂಬುದನ್ನು ಮೂರು ದಿನಗಳ ಲೆಕ್ಕವೇ ತೋರಿಸುತ್ತದೆ.

ಬಿಗಿಯುವುದೇ, ಸಡಿಲಿಸುವುದೇ

ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಹಿಡಿದಿರುವ ಸ್ನಾಯುಗಳನ್ನು ಶ್ರೋಣಿತಳದ ಸ್ನಾಯುಗಳೆನ್ನುತ್ತಾರೆ. ಇವುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗ ತಜ್ಞ ಡಾ. ಅರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದರು. ಹೆರಿಗೆಯ ನಂತರ ಅಥವಾ ಮುಟ್ಟು ನಿಂತ ನಂತರ ಕೆಮ್ಮಿದರೆ ಮೂತ್ರ ಸೋರುವವರಿಗೆ ಇದು ನಿಶ್ಚಯವಾಗಿ ಉಪಕಾರಿ. ವಾಯುವನ್ನು ತಡೆಯುವಾಗ ಬಿಗಿಯುವಂತೆ ಐದು ಸೆಕೆಂಡ್ ಬಿಗಿದು, ಐದು ಸೆಕೆಂಡ್ ಸಡಿಲಿಸಬೇಕು. ಒಂದು ಸಲಕ್ಕೆ ಸುಮಾರು ಹತ್ತು ಬಾರಿಯಂತೆ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಉಸಿರು ಕಟ್ಟಬಾರದು. ಮೂತ್ರ ಮಾಡುತ್ತಿರುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬಾರದು.

ಆದರೆ ಕಿಬ್ಬೊಟ್ಟೆ ನೋವಿನವರಲ್ಲಿ ಈ ಸ್ನಾಯುಗಳು ಬಹುತೇಕ ಮೊದಲೇ ಬಿಗಿದುಕೊಂಡಿರುತ್ತವೆ. ಅಂತಹವರು ನೆರೆಯವರ ಮಾತು ಕೇಳಿ ಇದೇ ವ್ಯಾಯಾಮ ಮಾಡಿದಲ್ಲಿ ನೋವು ಹೆಚ್ಚುತ್ತದೆ. ಕುಳಿತುಕೊಳ್ಳುವಾಗ ನೋವು, ದಾಂಪತ್ಯ ಸಂಪರ್ಕದ ವೇಳೆ ನೋವು, ಮೂತ್ರ ಆರಂಭವಾಗಲು ತಡವಾಗುವುದು ಬಿಗಿತದ ಸೂಚನೆಗಳು. ಅವರಿಗೆ ಬೇಕಾದುದು ಸಡಿಲಿಕೆ: ಅಂಗಾತ ಮಲಗಿ ಮಂಡಿ ಮಡಿಸಿ ಹೊಟ್ಟೆ ಉಬ್ಬುವಂತೆ ನಿಧಾನ ಉಸಿರಾಟ, ಬಾಲಾಸನ, ಕಿಬ್ಬೊಟ್ಟೆಗೆ ಹದಿನೈದು ನಿಮಿಷ ಬಿಸಿನೀರಿನ ಚೀಲದ ಶಾಖ. ಮೂತ್ರ ವಿಸರ್ಜಿಸುವಾಗ ಅವಸರದಿಂದ ಮುಕ್ಕರಿಯಬಾರದು. ಸಾಧ್ಯವಾದಲ್ಲಿ ಫಿಸಿಯೋಥೆರಪಿ ತಜ್ಞರ ಸಲಹೆ ಪಡೆಯುವುದು ಸೂಕ್ತ. ಪುರುಷರಲ್ಲಿ ವೃಷಣದ ಹಿಂಭಾಗದಲ್ಲಿ ಕಾಡುವ ದೀರ್ಘಕಾಲದ ನೋವಿಗೂ ಅನೇಕ ವೇಳೆ ಇದೇ ಬಿಗಿತ ಕಾರಣವಾಗಿರುತ್ತದೆ.

ಆಹಾರ, ಪಾನೀಯ

ಕಾಫಿ ಬೆಳೆಯುವ ಜಿಲ್ಲೆಯವರಿಗೆ ಕಾಫಿ ಬಿಡಿರೆಂದು ಹೇಳುವುದು ಸುಲಭವಲ್ಲ. ಆದರೂ ಮೂತ್ರಕೋಶವನ್ನು ಕೆರಳಿಸುವ ಪದಾರ್ಥಗಳಲ್ಲಿ ಕಾಫಿ, ಚಹಾಗಳೇ ಮುಂಚೂಣಿಯಲ್ಲಿವೆ. ಹುಳಿ ಹಣ್ಣಿನ ರಸ, ಟೊಮ್ಯಾಟೊ, ಅತಿಖಾರ, ಸೋಡಾ ಪಾನೀಯ ಮತ್ತು ಮದ್ಯ ನಂತರದವು. ಎಲ್ಲವೂ ಎಲ್ಲರಿಗೂ ಆಗುವುದಿಲ್ಲವೆಂದಲ್ಲ. ಶಂಕೆಯಿರುವವುಗಳನ್ನು ಎರಡು ಮೂರು ವಾರ ನಿಲ್ಲಿಸಿ, ನಂತರ ಒಂದೊಂದನ್ನೇ ಕೆಲವು ದಿನಗಳ ಅಂತರದಲ್ಲಿ ಮರಳಿ ಸೇವಿಸಿ ನೋಡಿದರೆ ತಮಗೆ ಆಗದಿರುವುದು ಯಾವುದೆಂದು ತಿಳಿಯುತ್ತದೆ. ಕಾಫಿಯನ್ನು ಒಮ್ಮೆಲೇ ಬಿಟ್ಟರೆ ತಲೆನೋವು ಬರುವುದರಿಂದ ದಿನಕ್ಕೆ ಅರ್ಧ ಲೋಟದಂತೆ ತಗ್ಗಿಸುವುದು ಮೇಲು.

ನೀರನ್ನು ದಿನವಿಡೀ ಹಂಚಿಕೊಂಡು ಒಂದೂವರೆಯಿಂದ ಎರಡು ಲೀಟರ್, ಬಿಸಿಲಿನಲ್ಲಿ ದುಡಿಯುವವರು ಇನ್ನೂ ಹೆಚ್ಚು ಕುಡಿಯಬೇಕು. ಮೂತ್ರ ತಿಳಿ ಹಳದಿಯಿರುವುದೇ ಅಳತೆಗೋಲು. ಬಾರ್ಲಿ ನೀರು, ಮಜ್ಜಿಗೆ, ಕೊತ್ತಂಬರಿ ಬೀಜದ ನೀರು ರೂಢಿಯಲ್ಲಿವೆ. ಅವುಗಳಿಂದ ದೇಹಕ್ಕೆ ನೀರು ಸೇರುವುದಂತೂ ನಿಜ. ಮೂತ್ರಪಿಂಡದ ಕಾಯಿಲೆ ಅಥವಾ ಹೃದಯರೋಗ ಇರುವವರು ನೀರಿನ ಪ್ರಮಾಣವನ್ನು, ಮೂತ್ರಪಿಂಡದ ಕಾಯಿಲೆಯವರು ಎಳನೀರನ್ನೂ, ವೈದ್ಯರನ್ನು ಕೇಳಿಯೇ ನಿರ್ಧರಿಸತಕ್ಕದ್ದು.

ಸೇವೆಗಳನ್ನು ಪಡೆಯುವ ಬಗೆ

ಪ್ರಥಮವಾಗಿ ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ಅಲ್ಲಿಂದ ತರೀಕೆರೆಯ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ. ವೈದ್ಯರ ಬಳಿ ನೇರವಾಗಿ ಹೇಳಲು ಸಂಕೋಚವಿರುವ ಮಹಿಳೆಯರು ಗ್ರಾಮದ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯಬಹುದು. ತಜ್ಞರ ಅಗತ್ಯವಿದ್ದಲ್ಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ, ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಅಥವಾ ಬೆಂಗಳೂರಿನ ನೆಫ್ರೋ-ಯೂರಾಲಜಿ ಸಂಸ್ಥೆಗೆ ಶಿಫಾರಸು ಪಡೆಯಬಹುದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ನಿಗದಿತ ಚಿಕಿತ್ಸೆಗಳು ಉಚಿತ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವಾರ್ಷಿಕ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನೆರವು ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ನೋಂದಣಿ ಮಾಡಿಸಿಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ, ತುರ್ತು ಸಂದರ್ಭ ಹೊರತುಪಡಿಸಿ, ಸರ್ಕಾರಿ ವೈದ್ಯರ ಶಿಫಾರಸು ಪತ್ರ ಪಡೆದಿರಬೇಕು. ಈ ಪತ್ರವಿಲ್ಲದೆ ಹೋಗಿ ನಂತರ ಹಣ ಮರುಪಾವತಿಗೆ ಅರ್ಜಿ ಹಾಕುವುದರಿಂದ ಅಲೆದಾಟವೇ ಹೆಚ್ಚು. ತಪಾಸಣೆಗೆ ಬರುವಾಗ ಹಿಂದಿನ ಮೂತ್ರ ಪರೀಕ್ಷೆಯ ವರದಿಗಳು, ಸೇವಿಸುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ ಹಾಗೂ ಮೂರು ದಿನಗಳ ಲೆಕ್ಕದ ಹಾಳೆಯನ್ನು ತಪ್ಪದೆ ತರುವುದು.